ಬಚ್ಚಲ ಮಗ್ಗುಲ ನಿಂಬೆ

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಏಳನೇ ತರಗತಿಯ ನಡುವೆ. ಆಮೇಲೆ ನನ್ನ ಕಿವಿ ಹಿಂಡಿದ ಮೇಷ್ಟ್ರು ಯಾರೂ ಇಲ್ಲ. ಗಿಡಗಳ ಕಿವಿ ಹಿಂಡುವ ಒಬ್ಬರು ಮಾತ್ರ ಸಿಕ್ಕರು. ಹುಲಿಗೆಪ್ಪ ಮಾಮ ಯಾವ ಗಿಡದ ಮುಂದೆ ನಿಂತರೂ ಮೊದಲು ಒಂದು ಎಲೆಯ ಅಂಚನ್ನು ಹೆಬ್ಬೆರಳಲ್ಲಿ ಹಿಂಡಿ, ಬೆರಳು ಮೂಸಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ತೆರೆಯುವ ಹೊತ್ತಿಗೆ ಆ ಗಿಡದ ಜಾತಕ ಅವರ ಬಾಯಲ್ಲಿ ಇರುತ್ತಿತ್ತು.

ಯಶವಂತನಗರದ ಗಣಿ ಕಂಪನಿಯೊಂದರ ಗೆಸ್ಟ್‌ಹೌಸಿನಲ್ಲಿ ಮಾಲಿಯಾಗಿ ದುಡಿದು, ನಿವೃತ್ತಿಯಾದ ಮೇಲೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ನಡುವೆ ಎದೆಯೆತ್ತರದ ಒಂದು ಗೋಡೆ. ನಾನು ಆಗ ವೆಲ್ಡಿಂಗ್ ಅಂಗಡಿ ಹಾಕಿ, ಹಗಲೆಲ್ಲ ಲಾರಿಗಳ ಕೆಳಗೆ ಬಿದ್ದಿರುತ್ತಿದ್ದೆ. ನಮ್ಮ ಬಚ್ಚಲ ಮಗ್ಗುಲಲ್ಲಿ ಯಾರೋ ಉಗಿದ ಬೀಜದಿಂದ ಒಂದು ನಿಂಬೆ ಸಸಿ ಎದ್ದಿತ್ತು. ಅದರ ಬುಡಕ್ಕೆ ಕೊಡ ಬಗ್ಗಿಸುತ್ತಿದ್ದಾಗ ಗೋಡೆಯ ಮೇಲಿಂದ ದನಿ ಬಂತು.

“ಲೇ ತಮ್ಮಾ, ಗಿಡಕ್ಕ ನೀರು ಹಾಕಾಕ ಹತ್ತೀಯೋ, ಕಾಲು ತೊಳ್ಯಾಕ ಹತ್ತೀಯೋ?”

“ನೀರೇ ಹಾಕಾಕ ಹತ್ತೀನ್ರಿ.”

“ನೀ ಉಣ್ಣಾಕ ಕುಂತಾಗ ಹೆಂಡ್ತಿ ನಿನ್ನ ಕಾಲಿಗೆ ಸಾರು ಹಾಕ್ತಾಳೇನು? ರೆಂಬಿ ನೆರಳು ಎಲ್ಲಿಗೆ ಮುಗಿತೈತಿ, ಅಲ್ಲಿ ಹಾಕು. ಬಾಯಿ ಅಲ್ಲೈತಿ.”

ಹಾಗೆ ಶುರುವಾದ ಪಾಠ ವರ್ಷಗಟ್ಟಲೆ ನಡೆಯಿತು. ಬೇಸಿಗೆಗೆ ಕಂಪ್ಲಿಯಿಂದ ಕಬ್ಬಿನ ಒಣಗರಿ, ರವದಿ ತರಿಸಿ ಬುಡಕ್ಕೆ ಹಾಸಿಸಿದರು. ಮಳೆಗಾಲದಲ್ಲಿ ಚಿಗುರೆಲೆಯ ಮೇಲೆ ಹುಳ ಬರೆಯುವ ಬಿಳಿ ಗೆರೆಗಳನ್ನು ತೋರಿಸಿ, “ರಂಗೋಲಿ ಹುಳ. ಅಂಜಬ್ಯಾಡ” ಅಂದರು. ಎಲೆಯ ಮೇಲೆ ಒರಟಾಗಿ ಎದ್ದ ಕಂದು ಹಕ್ಕಳೆ ಕಂಡರೆ ಮಾತ್ರ ಮುಖ ಬಿಗಿಯುತ್ತಿತ್ತು. “ಇದು ಕಜ್ಜಿ. ಎಲಿ, ರೆಂಬಿ, ಕಾಯಿ ತಿಂತೈತಿ, ಬೇರಿಗೆ ಮುಟ್ಟಂಗಿಲ್ಲ. ಹತ್ತಿದ ರೆಂಬಿ ಕತ್ತರಿಸು, ಸುಡು, ಮುಗೀತು.” ಚಳಿ ಬಿದ್ದರೆ ನೀರೇ ಬಂದ್. ಎಲೆ ಮುದುಡಿ ನನ್ನ ಕರುಳು ಕಿತ್ತು ಬರುತ್ತಿದ್ದರೂ ಬಿಡುತ್ತಿರಲಿಲ್ಲ. “ನಿಂಬಿ ಗಿಡ ಬೀಗರಿದ್ದಂಗಲೇ ಈರ್ಯಾ. ಭಾಳ ಉಪಚಾರ ಮಾಡಿದ್ರ ಮಲಗಿಬಿಡ್ತಾವ. ಹಸಿವ್ಯಾಗ ಇಡು, ಆಮ್ಯಾಲೆ ನೀರು ತೋರ್ಸು. ಹೆಂಗ ಹೂ ಬಿಡ್ತಾವ ನೋಡು.”

ಬಿಟ್ಟಿತು. ಊರಲ್ಲಿ ನಿಂಬೆಹಣ್ಣಿಗೆ ಬರ ಬಂದ ಕಡುಬೇಸಿಗೆಯಲ್ಲೇ ಬಿಟ್ಟಿತು. ತೆಳು ಸಿಪ್ಪೆ, ಬೀಜ ಇಲ್ಲವೆನ್ನುವಷ್ಟು ಕಡಿಮೆ, ಕೊಯ್ದರೆ ಮರುಗದ ಎಲೆಯ ವಾಸನೆ. ಮಾಮ ಒಂದು ಹಣ್ಣನ್ನು ಉಗುರಲ್ಲಿ ಗೀರಿ ಮೂಸಿ, ಕಣ್ಣು ಮುಚ್ಚಿ, ಅವತ್ತು ಮಾತೇ ಆಡಲಿಲ್ಲ. ಓಣಿಯವರು ಬಾಗಿಲಿಗೆ ಬಂದು “ಈರಣ್ಣನ ನಿಂಬಿ ಎರಡು ಕೊಡ್ರಿ” ಅನ್ನತೊಡಗಿದರು. ಶಾಲೆಯ ಹಾಜರಿಯಿಂದ ಅಳಿಸಿಹೋದ ನನ್ನ ಹೆಸರು ಮತ್ತೆ ಒಂದು ಕಡೆ ಹತ್ತಿದ್ದು ಆ ಗಿಡದಲ್ಲಿ. ಅದರ ಗತ್ತು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಳೆಗಾಲ ಮಾಮ ಗೋಡೆ ಬಳಸಿ ಒಳಗೇ ಬಂದರು. ಎಲೆ ಹಿಂಡಿದರು, ಮೂಸಿದರು. “ಕಜ್ಜಿ ಹತ್ತೈತಿ, ಈರ್ಯಾ. ಕೆಟ್ಟ ಜಾತಿ ಕಜ್ಜಿ. ಬೇರು ಸಮೇತ ತಗದು ಸುಡಬೇಕು.”

ನನಗೆ ಕಂಡದ್ದು ರಂಗೋಲಿ ಗೆರೆಗಳು, ನಾಲ್ಕಾರು ಕಂದು ಚುಕ್ಕೆ. “ರೆಂಬಿ ಕತ್ತರಿಸಿದ್ರ ಸಾಲಂಗಿಲ್ಲೇನ್ರಿ?” ಅಂದೆ.

“ಓಣಿ ಗಿಡ ಎಲ್ಲ ಹೋಗ್ತಾವ. ನಿನ್ನ ಗಿಡ ದೊಡ್ಡದೋ, ಓಣಿ ದೊಡ್ಡದೋ?”

ನನ್ನ ಹೆಂಡತಿ ಶಿವಮ್ಮ ಬಾಗಿಲಲ್ಲಿ ನಿಂತು ಸೆರಗು ಸಿಕ್ಕಿಸಿಕೊಂಡಳು. “ಮಕ್ಕಳಿಗೆ ಕಜ್ಜಿ ಬಂದ್ರ ಹೂತುಬಿಡ್ತಾರೇನ್ರಿ ಮಾಮ?”

“ಸುಮ್ಕಿರು, ಮಾಮಗಿಂತ ನಿನಗ ಹೆಚ್ಚು ಗೊತ್ತೇನು?” ಎಂದು ನಾನೇ ಗದರಿದೆ. ಹಾರೆ ತಂದೆ. ತಾಯಿಬೇರು ಬಚ್ಚಲ ಕಲ್ಲಿನ ಅಡಿಗೆ ಹೋಗಿತ್ತು. ಮಾಮ ಕುಕ್ಕರುಗಾಲಲ್ಲಿ ಕೂತು, ಮಣ್ಣು ಕೆದರಿ, ಎಳೆಬೇರನ್ನೂ ಬಿಡದೆ ಆರಿಸಿ ಕೊಟ್ಟರು. ಗುಂಡಿಗೆ ಸುಣ್ಣ ಸುರಿದು, ಕಿತ್ತ ಗಿಡಕ್ಕೆ ಬೆಂಕಿ ಇಟ್ಟರು. ಹೊಗೆಗೋ ಏನೋ, ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ಅವರ ಮೇಲೆಯೇ ಕರುಣೆ ಬಂತು. ಮುಂದೆ ಕೆಲವೇ ದಿನಗಳಲ್ಲಿ ಮನೆ ಖಾಲಿ ಮಾಡಿ ಕಂಪ್ಲಿಯಲ್ಲಿದ್ದ ಮಗಳ ಹತ್ತಿರ ಹೊರಟುಹೋದರು.

ಮೂರು ಬೇಸಿಗೆ ಕಳೆದ ಮೇಲೆ ಕಂಪ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಗೇಟು ಕೂಡಿಸಲು ಹೋಗಿದ್ದೆ. ಸಾಹುಕಾರರ ಮನೆಯಿಂದ ಪಾನಕ ಬಂತು. ಲೋಟ ತುಟಿಗೆ ತಂದೆ, ಮರುಗದ ವಾಸನೆ.

“ಈ ಹಣ್ಣು ಎಲ್ಲೀದ್ರಿ?”

“ಹುಲಿಗೆಪ್ಪನ ನಿಂಬಿ ಅಂತಾರಪ್ಪ. ಕಾಲುವಿ ದಂಡಿ ತ್ವಾಟದ್ದು. ಈ ಕಡೆ ಎಲ್ಲರೂ ಅದರ ಸಸೀನ ಕೇಳ್ತಾರ.”

ಕೈ ತೊಳೆಯದೆ ಹೊರಟೆ. ಮಾಮನ ಅಳಿಯನ ತೋಟದಲ್ಲಿ ನಿಂಬೆ ಗಿಡಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಬುಡದಲ್ಲೂ ಕಸಿಯ ಗಂಟು. ರೆಂಬೆಯಲ್ಲಿ ಎಲೆಬುಡದ ಮೊಗ್ಗಿಗೆ ನಾವು ಕಣ್ಣು ಅನ್ನುತ್ತೇವೆ. ಆ ಕಣ್ಣನ್ನು ಕೆತ್ತಿ ಇನ್ನೊಂದು ಸಸಿಯ ತೊಗಟೆಯಲ್ಲಿ ಕೂಡಿಸಿದರೆ ತಾಯಿಗಿಡದ ಹಣ್ಣೇ ಬರುತ್ತದೆ. ಸುಟ್ಟ ಗಿಡದಿಂದ ಯಾರೂ ಕಣ್ಣು ತೆಗೆಯಲಾರರು. ಅಂದರೆ ಮೊದಲೇ ತೆಗೆದಿದ್ದರು. ಕಜ್ಜಿ ಹತ್ತಿದ ಗಿಡದ ಕಣ್ಣನ್ನು ಅವರಂಥ ಮಾಲಿ ಮುಟ್ಟುವುದೂ ಇಲ್ಲ. ಬೇರು ಯಾಕೆ ಕೀಳಿಸಿದರು ಎಂಬುದು ಆಗ ಹೊಳೆಯಿತು. ಮೋಟು ಉಳಿದಿದ್ದರೆ ಅದೇ ಗಿಡ ಮತ್ತೆ ನಮ್ಮ ಹಿತ್ತಲಲ್ಲಿ ಚಿಗುರುತ್ತಿತ್ತು.

ಮಾಮ ಹೊರಸಿನ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು.

“ಕಜ್ಜಿ ಇತ್ತೋ ಇರಲಿಲ್ಲೋ, ಅದೊಂದು ಹೇಳ್ರಿ ಮಾಮ.”

ಅವರು ಕಾಲುವೆಯ ಕಡೆ ನೋಡಿದರು. “ಜಲ್ಮ ಎಲ್ಲ ಕಂಪನಿ ತ್ವಾಟದಾಗ ಹೋತಲೇ. ನಾ ಬೆಳೆಸಿದ ಗಿಡದ ಮುಂದ ಸಾಹೇಬರು ಫೋಟೋ ತಗಸ್ಕೊಂಡ್ರು. ನನ್ನ ಹೆಸರಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ.”

“ಕೇಳಿದ್ರ ಕಣ್ಣು ಕೊಡ್ತಿದ್ನಲ್ರಿ.”

“ಕೊಡ್ತಿದ್ದಿ. ಹೆಸರು ನಿಂದ ಉಳೀತಿತ್ತು.”

ಇಷ್ಟು ಹೇಳಿ, ಕೋಲು ಊರಿಕೊಂಡು ಎದ್ದು, ಪ್ಲಾಸ್ಟಿಕ್ ಪಾಕೀಟಿನಲ್ಲಿದ್ದ ಒಂದು ಕಸಿ ಸಸಿ ತಂದು ನನ್ನ ಮುಂದೆ ಹಿಡಿದರು. “ಒಯ್ಯಿ. ಮಸ್ತ್ ಐತಿ ಇದು.”

“ನನ್ನ ಗಿಡ ನನಗ ದಾನ ಕೊಡಬ್ಯಾಡ್ರಿ” ಅಂದೆ. ಹಿಂತಿರುಗಿ ನೋಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಬಂದಾಗ ಅಂಗಡಿಗೆ ಬಾಗಿಲು ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ಮಣ್ಣನ್ನು ಹಿಡಿದು, ಹಿಂಡಿ, ಹದ ನೋಡುವುದನ್ನು ಕಲಿಸಿದವರಿಗೆ ಒಂದು ಹಿಡಿ ಮಣ್ಣು ಕೊಟ್ಟೆ. ಮಣ್ಣಿಗೆ ಹೋದವರು ಸತ್ತವರ ಮನೆಗೆ ಬಂದು ದೀಪ ನೋಡಿ ಹೋಗಬೇಕು. ನಾನು ದೀಪ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಈಗ ನನಗೆ ಒಂದು ಅಂಗಡಿ, ಸಾಲವಿಲ್ಲದ ಒಂದು ಮನೆ, ಇಬ್ಬರು ಹೆಣ್ಣುಮಕ್ಕಳು. ಹಿತ್ತಲಲ್ಲಿ ಎರಡು ಕರಿಬೇವು, ಒಂದು ನುಗ್ಗೆ, ಮೂರು ಬಾಳೆ, ಒಂದು ದುಂಡುಮಲ್ಲಿಗೆ. ಎಲ್ಲವೂ ಅವರು ಹೇಳಿಕೊಟ್ಟಂತೆಯೇ ಬೆಳೆದಿವೆ. ನಿಂಬೆಹಣ್ಣು ಸಂತೆಯಿಂದ ತರುತ್ತೇನೆ.