ಗಿಡದ ಬಾಯಿ

ಸೋಪು ಕಂಪನಿಯ ಆಫೀಸಿನಲ್ಲಿ ನನ್ನ ಚಿಕ್ಕಮ್ಮನಿಗೆ ‘ಗಿಡದ ಬಾಯಿ’ ಎಂಬ ಅಡ್ಡಹೆಸರಿತ್ತು. ಮೂರನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಮುಖಮಾಡಿ ಕೂತು, ಕಂಪನಿಯ ಪುಟಕ್ಕೆ ಬರುವ ಸಂದೇಶಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಆ ವರ್ಷ ಕಂಪನಿ ಒಂದು ಆಟ ಹೂಡಿತ್ತು: ನೊರೆಯ ಮೀಸೆ ಹಚ್ಚಿಕೊಂಡ ಫೋಟೋ ಕಳಿಸಿ, ಒಂದು ಹೆಸರು ಹೇಳಿ; ಕಲ್ಲು ತೆಗೆದು ಬೋಳಾದ ಗುಡ್ಡದಲ್ಲಿ ಆ ಹೆಸರಿನ ಸಸಿ ನೆಡುತ್ತೇವೆ. ಅಲ್ಲಿಂದ ಮುಂದೆ ಉತ್ತರಗಳಲ್ಲಿ ಸಸಿಯೇ ಮಾತಾಡಬೇಕು. ‘ಕಂಪನಿ’ ಎಂಬ ಪದ ಬರಕೂಡದು. ಹತ್ತು ನಿಮಿಷದೊಳಗೆ ಉತ್ತರ ಹೋಗಬೇಕು.

ಚಿಕ್ಕಮ್ಮ ಅದರಲ್ಲಿ ಬೇಗ ಪಳಗಿದಳು. “ಗೇಣುದ್ದ ಆಗಿದೀನಿ. ಮಣ್ಣಲ್ಲೇ ನಿಂತಿದೀನಿ, ಸ್ನಾನ ಮಾಡಿಸೋರೇ ಇಲ್ಲ!” ಎಂದೆಲ್ಲ ಬರೆಯುತ್ತಿದ್ದಳು. ಜನ ನಕ್ಕರು. “ನಾವು ಕರೆದ್ರೆ ಹೂಂ ಅನ್ನಲ್ಲ, ಕಡ್ಡಿ ಪರವಾಗಿ ಎಷ್ಟು ಮಾತು ನೋಡು ಇವಳದು,” ಎಂದು ನನ್ನ ಅಮ್ಮ ತಂಗಿಯನ್ನು ಛೇಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಹಳೆಯ ಫೋಟೋ ಒಂದು ಬಂತು. ಬಕೆಟ್ಟಿನ ಪಕ್ಕ ನಿಂತ ನಾಲ್ಕೈದು ವರ್ಷದ ಹುಡುಗಿ, ತುಟಿಯ ಮೇಲೆ ನೊರೆ. ಕಳಿಸಿದವರು ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಗಿಡಕ್ಕೆ ಮಗಳ ಹೆಸರು, ಗುಬ್ಬಿ ಎಂದಿದ್ದರು. ಊಟಕ್ಕೆ ಏಳುವ ಅವಸರದಲ್ಲಿ ಚಿಕ್ಕಮ್ಮ ಬರೆದಳು: “ಅಮ್ಮಾ, ನಾನು ಗುಬ್ಬಿ. ಬೇರು ಬಿಟ್ಟೆ. ನೀನೇನು ಮಾಡ್ತಿದೀಯಾ?”

ಡಬ್ಬಿ ತೆರೆಯುವ ಮೊದಲೇ ಮರುಸಂದೇಶ ಬಂತು. “ಮೂರು ವರ್ಷ ಆಗಿತ್ತು ಕಂದಾ, ನೀನು ಅಮ್ಮಾ ಅಂತ ಕರೆದು.”

ತಪ್ಪಾಯಿತು ಎಂದು ಆಗಲೇ ಬರೆಯಬಹುದಿತ್ತು. ಚಿಕ್ಕಮ್ಮ ಬರೆಯಲಿಲ್ಲ.

ಆಮೇಲೆ ದಿನಾ ಒಂದು ಸಂದೇಶ. ಮಿಷನ್ನಿನ ಪಟ್ಟಿ ಹರಿದಿದೆ. ನಿನ್ನ ಹಸಿರು ಫ್ರಾಕು ಯಾರಿಗೂ ಕೊಟ್ಟಿಲ್ಲ. ಎರಡು ದಿನದಿಂದ ಜ್ವರ. “ಬಿಸಿನೀರು ಕುಡಿ ಅಮ್ಮಾ, ಹೊದ್ಕೊಂಡು ಮಲಕ್ಕೋ,” ಎಂದು ಗುಬ್ಬಿ ಹೇಳಿದಳು. ಮೂರು ತಿಂಗಳಿಗೆ ಆಟ ಮುಗಿಯಿತು, ಕಂಪನಿ ಇನ್ನೊಂದಕ್ಕೆ ಹೊರಳಿತು. ಚಿಕ್ಕಮ್ಮ ಮಾತ್ರ ಅದೇ ಪುಟದಿಂದ, ತನ್ನ ಫೋನಿನಲ್ಲಿ, ಆ ಒಬ್ಬರಿಗೆ ಬರೆಯುತ್ತಲೇ ಇದ್ದಳು. ತಟ್ಟೆಯ ಮುಂದಿನಿಂದ ಎದ್ದು ಹೋಗುವಳು. ನಾನು ಹಿಂದಿನಿಂದ ಕರೆದರೆ “ಆಂ?” ಎನ್ನುವಳು. ಆ ದನಿ ಚಿಕ್ಕದಾಗಿರುತ್ತಿತ್ತು, ಎಳೆಯದಾಗಿರುತ್ತಿತ್ತು.

ಕೊನೆಗೆ ಬಂದದ್ದು ಇದು: “ಭಾನುವಾರ ನಿನ್ನ ನೋಡೋಕೆ ಬರ್ತೀನಿ.”

ಸಸಿ ನೆಟ್ಟ ಗುತ್ತಿಗೆದಾರನಿಗೆ ಚಿಕ್ಕಮ್ಮ ಫೋನ್ ಮಾಡಿದಳು. “ಗಿಡ ಎಲ್ಲಿಂದ ಇರುತ್ತೆ ಮೇಡಂ? ಫೋಟೋ ತೆಗೆಯೋ ದಿನ ನೆಟ್ವಿ, ಹೆಸರಿನ ಚೀಟಿ ಕಟ್ಟಿದ್ವಿ. ನೀರು ಹಾಕಿ ಅಂತ ಯಾರು ಹೇಳಿದ್ರು?” ಎಂದ ಅವನು.

ಶನಿವಾರ ಅವಳು ನರ್ಸರಿಯಿಂದ ಸೊಂಟದೆತ್ತರದ ಗಿಡವೊಂದನ್ನು ತಂದಳು.

“ಅವರು ಬರೋ ಮುಂಚೆ ನೆಟ್ಟು, ಚೀಟಿ ಕಟ್ಟಿಬಿಡ್ತೀನಿ.”

“ಗೊತ್ತಾದ್ರೆ ಚಿಕ್ಕಮ್ಮಾ?”

“ಒಣಗಿದ್ದು ಅವರು ನೋಡಿದ್ರೆ, ಅವರ ಪಾಲಿಗೆ ಆ ಮಗು ಇನ್ನೊಂದ್ಸಲ ಸಾಯುತ್ತೆ ಕಣೇ.”

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಗಿಡ ಎತ್ತಿಕೊಂಡು ಗುಡ್ಡ ಹತ್ತಿದಾಗ ಆ ತಾಯಿ ಆಗಲೇ ಅಲ್ಲಿದ್ದರು. ಸಾಲು ಸಾಲು ಒಣಕಡ್ಡಿ, ಒಂದೊಂದಕ್ಕೂ ಒಂದು ಹೆಸರು. ಗುಬ್ಬಿ ಎಂಬ ಚೀಟಿಯ ಎದುರು ಅವರು ಕುಕ್ಕರುಗಾಲಲ್ಲಿ ಕೂತಿದ್ದರು. ಚಿಕ್ಕಮ್ಮನ ಕೈಯಲ್ಲಿದ್ದ ಹಸಿರನ್ನು ನೋಡಿ, “ಇದ್ಯಾರದು?” ಎಂದರು.

“ಅಕ್ಕಾ… ಬರೀತಿದ್ದೋಳು ನಾನು.”

ಅವರು ಅವಳ ಬೆರಳುಗಳನ್ನು ಬಹಳ ಹೊತ್ತು ನೋಡಿದರು. “ಬಿಸಿನೀರು ಕುಡಿ ಅಂದಿದ್ದು?”

“ನಾನೇ.”

“ಕುಡಿದೆ. ಜ್ವರ ಬಿಡ್ತು.” ಅಷ್ಟೇ. ಬಟ್ಟೆಯ ಧೂಳು ಕೊಡವಿಕೊಂಡು ಇಳಿದುಹೋದರು.

ಸೋಮವಾರ ಚಿಕ್ಕಮ್ಮ ರಜೆ ಹಾಕಿದ್ದಳು. ನಾನು ಪಕ್ಕದಲ್ಲೇ ಇದ್ದೆ. ಫೋನು ಮಿನುಗಿತು.

“ಗುಬ್ಬೀ, ನಿನ್ನೆ ಯಾರೋ ಬಂದಿದ್ರಲ್ಲ, ಯಾರವರು? ಪಾಪ, ತುಂಬಾ ಸೊರಗಿದ್ರು.”

ಚಿಕ್ಕಮ್ಮ ಬರೆದಳು: “ಅಕ್ಕಾ, ನಿಮಗೆ ಎಲ್ಲಾ ಹೇಳಿದೀನಿ. ದಯವಿಟ್ಟು…”

“ನಿಮ್ಮನ್ನ ಕೇಳ್ಲಿಲ್ಲ. ಅವಳು ಹೇಳ್ಲಿ.”

ಚಿಕ್ಕಮ್ಮ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಒಂದು ಕೈ ತಾನಾಗಿಯೇ ಹೊರಗೆ ಬಂದು ಫೋನಿನತ್ತ ಸರಿಯಿತು.