ಹಿಂದೆ ನೋಡುವ ಹಾರ್ನ್, ಮುಂದೆ ಕೂತ ಅತಿಥಿ

ನಮ್ಮ ಭಾವನವರ ಹಾರ್ನಿನ ಕತ್ತು ಕೊಯ್ದಿದ್ದಾರೆ. (ಸ್ಕೂಟರಿನದ್ದಲ್ಲ. ಫ್ರೆಂಚ್ ಹಾರ್ನ್. ಬಸವನಹುಳುವಿನಂತೆ ಸುತ್ತಿಕೊಂಡ ಹಿತ್ತಾಳೆ ವಾದ್ಯ.)

ಭಾವ ಸರ್ವಿಸ್ ಪೂರ್ತಿ ಪೊಲೀಸ್ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಕೂತು ಊದಿದವರು. ಒಬ್ಬರೇ ಊದುವ ಚಾನ್ಸ್ ಒಮ್ಮೆಯೂ ಸಿಕ್ಕಿರಲಿಲ್ಲ. ರಿಟೈರಾಗಿ ಕೆಂಗೇರಿ ಉಪನಗರಕ್ಕೆ ಬಂದ ಮೇಲೆ ಬಡಾವಣೆ ಸಂಘದವರು ರಾಜ್ಯೋತ್ಸವದಲ್ಲಿ ಐದು ನಿಮಿಷ ಕೊಟ್ಟರು. ಅಕ್ಕನ ಪ್ರಕಾರ ಅವರು ಮದುವೆ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ರಿಹರ್ಸಲ್‌ಗೆ ಬಂದ ಸಂಘದ ಅಧ್ಯಕ್ಷರು ಭಾವನ ಸುತ್ತ ಒಂದು ಸುತ್ತು ಹಾಕಿದರು. "ಸಾರ್, ಇದರ ಬಾಯಿ ಹಿಂದಕ್ಕಿದ್ಯಲ್ಲ? ಚೀಫ್ ಗೆಸ್ಟ್ ಮುಂದೆ ಕೂತಿರ್ತಾರೆ. ಮರ್ಯಾದೆನಾ ಇದು?"

ಫ್ರೆಂಚ್ ಹಾರ್ನ್ ಇರುವುದೇ ಹಾಗೆ. ಅಗಲವಾದ ಬಾಯಿ ಹಿಂದಕ್ಕೆ, ಬಲಗೈ ಅದರೊಳಗೆ. ನಾದವನ್ನು ಮೆದುವಾಗಿಸುವುದು, ಶ್ರುತಿ ತಿದ್ದುವುದು ಆ ಕೈಯೇ. ಭಾವ ತಾಳ್ಮೆಯಿಂದ ವಿವರಿಸಿದರು. ಅಧ್ಯಕ್ಷರು ತಾಳ್ಮೆಯಿಂದ ತಲೆಯಾಡಿಸಿದರು.

"ಅದೆಲ್ಲ ಸರಿ ಸಾರ್. ತಿರುಗ್ಸಿಬಿಡಿ."

"ಹಿಂದೆ ಒಂದು ಮೈಕ್ ಇಟ್ರೆ ಆಯ್ತಲ್ಲ?" ಎಂದೆ ನಾನು.

"ಹಿಂದೆ ಫ್ಲೆಕ್ಸ್ ಇದೆ ಸಾರ್. ಸ್ಟ್ಯಾಂಡ್ ಅಡ್ಡ ಬಂದ್ರೆ ನಮ್ಮ ಫೋಟೋ ಕಾಣಲ್ಲ."

ಇದಕ್ಕೆ ಯಾವ ಸಂಗೀತಶಾಸ್ತ್ರ ಉತ್ತರ ಕೊಟ್ಟೀತು?

ಒಪ್ಪಬೇಡಿ ಎಂದು ಭಾವನನ್ನು ಬೇಡಿಕೊಂಡೆ. "ಒಪ್ಪದಿದ್ರೆ ಆ ಐದು ನಿಮಿಷ ಫ್ಯಾನ್ಸಿ ಡ್ರೆಸ್‌ಗೆ ಹೋಗುತ್ತಂತೆ ಕಣಯ್ಯ. ಒಂದ್ಸಲ ಒಬ್ನೇ ಊದ್ಬಿಡ್ತೀನಿ, ಬಿಡು" ಎಂದರು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಹಾರ್ನಿನ ಬಾಯಿಯನ್ನು ಕತ್ತರಿಸಿ, ಮುಂದಕ್ಕೆ ತಿರುಗಿಸಿ ಬೆಸುಗೆ ಹಾಕಿಸಿದ್ದಾಯಿತು. ಭಾವನ ಬಲಗೈಗೆ ಈಗ ಜಾಗವೇ ಇರಲಿಲ್ಲ.

ಕಾರ್ಯಕ್ರಮದ ದಿನ ಚೀಫ್ ಗೆಸ್ಟ್ ಲೇಟಾಗಿ ಬಂದರು. (ಹೊತ್ತಿಗೆ ಸರಿಯಾಗಿ ಬಂದರೆ ಚೀಫ್ ಗೆಸ್ಟ್ ಎನ್ನುತ್ತಾರೆಯೇ?) ಹಾರ, ಶಾಲು, ಪೇಟ ಮುಗಿದವು. ಭಾವ ಊದಿದರು. ಮೊದಲ ಸ್ವರವೇ ಘಾಟಿಯಲ್ಲಿ ಲಾರಿ ಅರಚಿದಂತೆ ಹೊರಟಿತು. ಎರಡನೆಯದಕ್ಕೆ ಶ್ರುತಿ ತಪ್ಪಿತು. ಅಭ್ಯಾಸಬಲದ ಬಲಗೈ ಹಿಂದೆ, ಗಾಳಿಯಲ್ಲಿ, ಇಲ್ಲದ ಬಾಯಿಯನ್ನು ಹುಡುಕುತ್ತಿತ್ತು. ನನಗೆ ನೋಡಲಾಗಲಿಲ್ಲ. ಚೀಫ್ ಗೆಸ್ಟ್ ಕೂಡ ನೋಡಲಿಲ್ಲ. ಅವರಿಗೆ ಫೋನ್ ಬಂದಿತ್ತು. ಒಂದು ಕಿವಿಗೆ ಮೊಬೈಲ್, ಇನ್ನೊಂದಕ್ಕೆ ಬೆರಳು.

ಎಲ್ಲ ಮುಗಿದ ಮೇಲೆ ಭಾವ ಮೆಲ್ಲಗೆ ಕೇಳಿದರು: "ಇದನ್ನ ಮೊದಲಿನ ಥರ ಮಾಡಿಸಿಕೊಡ್ತೀರಾ?"

"ಯಾಕೆ ಸಾರ್, ಸೂಪರಾಗಿ ಕೇಳಿಸ್ತಲ್ಲ" ಎಂದ ಅಧ್ಯಕ್ಷರು ನನ್ನತ್ತ ತಿರುಗಿದರು. "ಮುಂದಿನ ವರ್ಷ ಕೊಳಲು ಇಡ್ಸೋಣ. ಆದ್ರೆ ಅದನ್ನ ಅಡ್ಡ ಹಿಡೀತಾರಲ್ಲ ಸಾರ್, ಚೀಫ್ ಗೆಸ್ಟ್ ಕಡೆಗೆ ನೆಟ್ಟಗೆ ಮಾಡಿಸ್ಬೇಕು."

ನಮ್ಮ ಏರಿಯಾದ ಕೊಳಲು ವಾದಕರೇ, ಕೊಳಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ ತಾನೆ?