ಪುರಾವೆ ಟೀಚರ್

ನಮ್ಮ ವಿಜ್ಞಾನದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಪುರಾವೆ ಟೀಚರ್. ಚರ್ಚೆಯ ತರಗತಿಯಲ್ಲಿ ಯಾರು ಏನೇ ಹೇಳಲಿ, ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಪುರಾವೆ ಕೊಡದಿದ್ದರೆ ಡಸ್ಟರಿನಿಂದ ಒರೆಸಿಬಿಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ನಾನು "ತಲೆನೋವು ಕಣೇ" ಅಂದರೂ "ಪುರಾವೆ?" ಅನ್ನುವಳು. ಮಹರಾಯ್ತಿ!

ಅವಳ ಮನೆಯ ಮಹಡಿಯಲ್ಲೇ ನನ್ನ ಬಾಡಿಗೆ ಕೋಣೆ. ಮೂರು ತುಂಬಿದ ಅವಳ ಮಗ ಇನ್ನೂ ಒಂದು ಮಾತೂ ಆಡಿರಲಿಲ್ಲ. ಯಾರಾದರೂ ಕೇಳಿದರೆ, "ಅವರಪ್ಪನೂ ತಡವಾಗೇ ಮಾತಾಡಿದ್ದಂತೆ, ಅತ್ತೆ ಹೇಳಿದ್ರು" ಅನ್ನುತ್ತಿದ್ದಳು. ಅದೊಂದಕ್ಕೆ ಮಾತ್ರ ಪುರಾವೆ ಕೇಳಿದವಳಲ್ಲ.

ಆ ಸಲದ ಚರ್ಚೆ, ಹಳೆ ಬ್ಯಾಟರಿಯ ಸೀಸ ಕರಗಿಸುವ ಶೆಡ್ ಮುಚ್ಚಬೇಕೋ ಬೇಡವೋ ಎಂದು. ಅವಳ ಗಂಡ ಅಲ್ಲೇ ಮೇಸ್ತ್ರಿ. ನಮ್ಮ ಬೀದಿಯ ಹುಡುಗಿಯೊಬ್ಬಳು ಎದ್ದು, "ನನ್ನ ತಮ್ಮನಿಗೆ ಮಾತು ಬರ್ತಿಲ್ಲ ಮಿಸ್, ಸೀಸದಿಂದಾನೇ" ಅಂದಳು.

"ಒಂದು ಮಗುವಿನಿಂದ ಏನೂ ಗೊತ್ತಾಗಲ್ಲ" ಎಂದು ಟೀಚರ್ ಒರೆಸಿದಳು.

ಮುಂದಿನ ವಾರ ಅದೇ ಹುಡುಗಿ ಮತ್ತೆ ಎದ್ದಳು. "ಬೀದಿಯ ಎಲ್ಲಾ ಮನೇಲೂ ಕೇಳಿದೆ ಮಿಸ್. ಹೊಗೆ ಎಲ್ಲರಿಗೂ ಒಂದೇ. ಆದ್ರೆ ಮಾತು ತಡ ಆಗಿರೋದು ಶೆಡ್ಡಿಗೆ ಹೋಗೋರ ಮಕ್ಕಳಿಗೇ. ಅಪ್ಪಂದಿರು ಅದೇ ಬಟ್ಟೇಲಿ ಬಂದು ಎತ್ಕೋತಾರಲ್ಲ, ಧೂಳು ಅದರಲ್ಲೇ ಇರುತ್ತೆ."

"ಎಷ್ಟು ಮನೆ?"

"ನಾಲ್ಕು." ಹುಡುಗಿ ತಲೆ ತಗ್ಗಿಸಿದಳು. "ನಿಮ್ಮದೂ ಸೇರಿದ್ರೆ ಐದು."

ಗಂಟೆ ಹೊಡೆಯಿತು. ಡಸ್ಟರ್ ಟೀಚರ್ ಕೈಯಲ್ಲೇ ಇತ್ತು, ಬೋರ್ಡಿನ ಮೇಲೆ ಬರೆದದ್ದನ್ನು ಒರೆಸಲಿಲ್ಲ. ಮುಂದಿನ ಪೀರಿಯಡ್ಡಿಗೆ ಹೋದ ನಾನೂ ಒರೆಸಲಿಲ್ಲ.

ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ನಾನೇ ಬಡಬಡಿಸಿದೆ. "ಐದು ಮನೆ ಸಾಲದು ಅಂತ ನೀನೇ ಅಲ್ವೇನೇ ಹೇಳೋದು? ಮಗೂನ ಡಾಕ್ಟರಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿಸು, ಆಮೇಲೆ ನೋಡೋಣ." ಎಲ್ಲಕ್ಕೂ ಬರೀ "ಹೂಂ". ಹಲ್ಲು ಕೀಳಿಸಿಕೊಂಡು ಬಂದವಳ ಹಾಗೆ ಮುಖ ಮರಗಟ್ಟಿತ್ತು.

ಅತ್ತೆ ಮೊಮ್ಮಗನಿಗೆ ಉಣಿಸುತ್ತಿದ್ದರು. ಅವಳು ಚಪ್ಪಲಿ ಬಿಡುತ್ತಲೇ ಕೇಳಿದಳು, "ಅತ್ತೆ, ನಿಮ್ಮ ಮಗ ಎಷ್ಟು ವರ್ಷಕ್ಕೆ ಮಾತಾಡಿದ್ದು?"

ಅತ್ತೆ ನನ್ನ ಮುಖ ನೋಡಿದರು. "ವರ್ಷ ತುಂಬೋದ್ರೊಳಗೇ ಕಣಮ್ಮ. ನೀನು ಕೊರಗ್ತಿದ್ದೆಯಲ್ಲ, ಸಮಾಧಾನಕ್ಕೆ ಹಾಗಂದೆ."

"ಹೂಂ" ಅಂದಳು. ಅಳಲಿಲ್ಲ, ಬೈಯಲಿಲ್ಲ.

ಗೇಟು ಸದ್ದಾಯಿತು. ಮಗ ಎದ್ದು ಓಡಿದ. ಅವಳು ಬಾಗಿಲಲ್ಲೇ ಅವನ ನಡು ಹಿಡಿದು ಎತ್ತಿಕೊಂಡಳು.

"ಬಾರೋ ರಾಜಾ" ಎಂದು ಗಂಡ ಕೈ ಚಾಚಿದ.

"ಮೊದಲು ಬಟ್ಟೆ ಬಿಚ್ಚಿ, ಸ್ನಾನ ಮಾಡಿ ಬನ್ನಿ."

"ಇದೇನೇ ಹೊಸ ಕಾನೂನು?" ಅವನು ನಕ್ಕ.

ಮಗ ಎರಡೂ ಕೈ ಅಪ್ಪನ ಕಡೆ ಚಾಚಿ ಒದ್ದಾಡಿದ. ಅಪ್ಪಾ ಅನ್ನಲು ಬಾರದೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿದ್ದ. ಅವಳು ಹಿಡಿತ ಬಿಡಲಿಲ್ಲ.